ಅಡ್ಡ ನಿಲ್ಲುವ ಕೆಲಸ

ನಮ್ಮ ಇಲಾಖೆಯ ಬಾಸ್ಕೆಟ್‌ಬಾಲ್ ತಂಡಕ್ಕೆ ಈ ವರ್ಷ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಬೆಳಗಾವಿಯ ಶಿವಬಸವ ನಗರದ ನನ್ನ ಮನೆಗೆ ಬಂದಿದ್ದರು. ಹಳೆಯ ಆಟಗಾರ್ತಿಯರನ್ನು ಕಂಡು ಮಾತಾಡಿಸಿ ಬನ್ನಿ ಎಂದು ಯಾರೋ ಕಳಿಸಿದ್ದರಂತೆ. ಚಹಾ ಕುಡಿಯುತ್ತ ಒಬ್ಬಳು ಕೇಳಿದಳು: "ಅಕ್ಕಾರ, ನೀವು ಒಟ್ಟ ಎಷ್ಟ ಪಾಯಿಂಟ್ ಹೊಡದೀರಿ?"

ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ, ನಾನೂ ಇಟ್ಟಿಲ್ಲ. "ನಾ ಪಾಯಿಂಟ್ ಹೊಡಿಯಾಕಿ ಅಲ್ಲವಾ. ಹೊಡಿಯಾಕ ಬಂದಾಕಿನ್ನ ತಡಿಯಾಕಿ," ಎಂದೆ. ತಮಾಷೆ ಎಂದುಕೊಂಡು ಇಬ್ಬರೂ ನಕ್ಕರು. ಅವರು ಹೋದ ಮೇಲೆ ಅನ್ನಿಸಿತು, ಈ ಕೆಲಸ ಎಂಥದು ಎಂದು ಈ ಹುಡುಗಿಯರಿಗೆ ಯಾರೂ ಹೇಳುವುದಿಲ್ಲ. ಗೋಡೆಗೆ ಹಚ್ಚುವ ಫೋಟೋದಲ್ಲಿ ಚೆಂಡು ಬುಟ್ಟಿಗೆ ಹಾಕುವವರೇ ಇರುತ್ತಾರೆ. ಪ್ರತಿ ತಂಡದಲ್ಲೂ ನನ್ನಂಥವಳು ಒಬ್ಬಳು ಬೇಕು, ಆದರೆ ಅವಳ ಫೋಟೋ ಯಾರ ಹತ್ತಿರವೂ ಇರುವುದಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ನನ್ನ ಹೆಸರು ಮಾಳವ್ವ. ತಂಡದಲ್ಲಿ ಮಾಲಾ. ಹೆಸರು ಬದಲಿಸಿದವರು ನಮ್ಮ ಕೋಚ್ ಬಾಗಡೆ ಸರ್. ಮೊದಲ ದಿನವೇ, "ಮೈದಾನದಾಗ ಒದರಾಕ ಸಣ್ಣ ಹೆಸರ ಬೇಕು," ಎಂದಿದ್ದರು. ನಾನು ಬೇಡ ಅನ್ನಲಿಲ್ಲ. ನೌಕರಿ ಸಿಕ್ಕ ಸಂತೋಷದಲ್ಲಿ ಹೆಸರಿನ ಅರ್ಧ ಹೋದದ್ದು ದೊಡ್ಡದಾಗಿ ಕಾಣಿಸಲಿಲ್ಲ.

ನಮ್ಮದು ನಂದಗಡದ ಹತ್ತಿರದ ಕುರಿ ಕಾಯುವ ಮನೆತನ. ನಾನು ಏಳನೆಯ ತರಗತಿಯಲ್ಲಿ ಇರುವಾಗಲೇ ಅಪ್ಪನ ಎತ್ತರಕ್ಕೆ ಬಂದಿದ್ದೆ. ಬಾಗಿಲ ಚೌಕಟ್ಟಿಗೆ ತಲೆ ಬಡಿಸಿಕೊಂಡಾಗಲೆಲ್ಲ ಅವ್ವ ನನಗಿಂತ ಹೆಚ್ಚು ನೊಂದುಕೊಳ್ಳುತ್ತಿದ್ದಳು. ಇಷ್ಟು ಎತ್ತರದವಳಿಗೆ ಗಂಡು ಎಲ್ಲಿ ಹುಡುಕುವುದು ಎನ್ನುವುದು ಅವಳ ಚಿಂತೆ. ಹೈಸ್ಕೂಲಿಗೆ ಖಾನಾಪುರಕ್ಕೆ ಹೋದೆ. ಅಲ್ಲಿ ಕೆಂಪು ಮಣ್ಣಿನ ಅಂಗಳದಲ್ಲಿ ಎರಡು ಕಂಬ, ಅವಕ್ಕೆ ಚೆಂಡು ಹಾಕುವ ಕಬ್ಬಿಣದ ಬಳೆ. ಆಟ ಕಲಿಸುವ ಅಕ್ಕೋರು ನನ್ನನ್ನು ಕರೆದು ಬಳೆಯ ಕೆಳಗೆ ನಿಲ್ಲಿಸಿ, "ಯಾರ ಬಂದರೂ ಸರಿಯಬ್ಯಾಡ," ಎಂದರು. ನಾನು ಸರಿಯಲಿಲ್ಲ. ಹಟ್ಟಿಯ ಬಾಗಿಲಲ್ಲಿ ನಿಂತು ನುಗ್ಗುವ ಕುರಿಗಳನ್ನು ಒಂದೊಂದಾಗಿ ಬಿಡುವುದು ಸಣ್ಣಂದಿನಿಂದ ನನ್ನ ಕೆಲಸವಾಗಿತ್ತು. ಟಗರು ಬಂದು ಗುದ್ದಿದರೂ ಮೊಣಕಾಲು ಬಗ್ಗಿಸಿ ನಿಂತರೆ ಮೈ ಅಲ್ಲಾಡುವುದಿಲ್ಲ. ಯಾರೂ ಕಲಿಸದೆ ಬಂದ ವಿದ್ಯೆ ಅದೊಂದೇ.

ಓದು ಮುಗಿಯುವ ಹೊತ್ತಿಗೆ ಅದೇ ವಿದ್ಯೆ ನೌಕರಿ ಕೊಡಿಸಿತು. ನಮ್ಮ ಕಡೆ ಈ ಆಟ ಆಡಿ ಹೊಟ್ಟೆ ಹೊರೆಯುವವರು ಬಹುತೇಕ ಹೀಗೆಯೇ. ಸರ್ಕಾರದ ಯಾವುದೋ ಇಲಾಖೆ ಆಟಕ್ಕೆಂದು ಕೆಲಸಕ್ಕೆ ತೆಗೆದುಕೊಳ್ಳುತ್ತದೆ. ಕಾಗದದ ಮೇಲೆ ನಾನು ಗುಮಾಸ್ತೆ. ಬೆಳಗ್ಗೆ ಮತ್ತು ಸಂಜೆ ಅಂಗಳ, ನಡುವೆ ಒಂದಿಷ್ಟು ಹೊತ್ತು ಕುರ್ಚಿ, ವರ್ಷದಲ್ಲಿ ಕೆಲವು ತಿಂಗಳು ರೈಲಿನಲ್ಲಿ ಊರೂರು.

ಆಯ್ಕೆಯ ದಿನ ಬಾಗಡೆ ಸರ್ ನನ್ನ ಗುರಿಯನ್ನು ನೋಡಲೇ ಇಲ್ಲ. ತಂಡದ ಇಬ್ಬರು ಹಳೆಯ ಆಟಗಾರ್ತಿಯರನ್ನು ಕರೆದು ನನ್ನನ್ನು ನೂಕಲು ಹೇಳಿದರು. ಆಮೇಲೆ ತಮ್ಮ ಬಾಜು ಕೂಡಿಸಿಕೊಂಡು ಕೆಲಸ ವಿವರಿಸಿದರು. "ನೋಡವಾ, ಪಾಯಿಂಟ್ ಹೊಡಿಯಾವ್ರು ನನ್ನ ಕಡೆ ಅದಾರ. ನೀ ಅಡ್ಡ ನಿಂದರಬೇಕು. ಎದುರಿನ ತಂಡದ ಛಲೋ ಆಟಗಾರ್ತಿ ಒಳಗ ಬರಾಕತ್ತಿದ್ರ ತಡಿ. ತಡಿಯಾಕ ಆಗಲಿಲ್ಲಂದ್ರ ಫೌಲ್ ಮಾಡು. ಐದ ಫೌಲ್ ಆದ್ರ ನಿನ್ನ ಹೊರಗ ಹಾಕ್ತಾರ. ಹಾಕಲಿ. ನೀ ಖರ್ಚ ಮಾಡಾಕ ಇಟ್ಟ ಆಟಗಾರ್ತಿ."

ಈ ಮಾತು ಆಗ ನನಗೆ ಕೆಟ್ಟದ್ದು ಅನ್ನಿಸಲಿಲ್ಲ. ಇಂಥದ್ದನ್ನು ಮುಖದ ಮೇಲೆ ಹೇಳುವ ಕೋಚ್ ಎಷ್ಟೋ ಮೇಲು. ಬಾಗಡೆ ಸರ್ ಕೆಟ್ಟವರಲ್ಲ. ಬಿದ್ದರೆ ಹೇಗೆ ಬೀಳಬೇಕು, ದಣಿದಾಗ ಉಸಿರು ಹೇಗೆ ಹಿಡಿತಕ್ಕೆ ತರಬೇಕು, ಎಲ್ಲ ಅವರೇ ಕಲಿಸಿದ್ದು. ನಮ್ಮ ಮೊಣಕಾಲಿಗೆ ಐಸು ಬೇಕೆಂದು ಮೀನಿನ ಪೇಟೆಗೆ ತಾವೇ ಹೋಗಿ ಬಕೆಟ್ಟಿನಲ್ಲಿ ತರುತ್ತಿದ್ದರು. ಆ ಐಸಿಗೆ ಬಂಗಡೆಯ ವಾಸನೆ. ಕಾಲು ಮುಳುಗಿಸಿ ಕೂತು ನಾವು ಮೂಗು ಹಿಡಿದುಕೊಳ್ಳುತ್ತಿದ್ದೆವು. ಅವರಿಗೆ ಗೆಲ್ಲುವುದು ಬೇಕಿತ್ತು, ಅಷ್ಟೇ. ಗೆಲುವಿನ ಮುಂದೆ ಉಳಿದದ್ದೆಲ್ಲ ಅವರಿಗೆ ಸ್ವಲ್ಪ ಮಸುಕಾಗಿ ಕಾಣಿಸುತ್ತಿತ್ತು.

ನನ್ನ ಮನೆಯವರು ನನ್ನ ಆಟ ನೋಡಲು ಬಂದದ್ದು ಒಂದೇ ಸಲ. ಟೂರ್ನಿ ಬೆಳಗಾವಿಯಲ್ಲೇ ಇತ್ತು. ಅಪ್ಪ ರುಮಾಲು ಸುತ್ತಿಕೊಂಡು, ಅವ್ವ ಇಳಕಲ್ ಸೀರೆ ಉಟ್ಟು, ಟೆಂಪೋ ಹಿಡಿದು ಬಂದು ಮೊದಲ ಸಾಲಿನಲ್ಲೇ ಕೂತರು. ಆ ದಿನ ಎದುರಿನ ತಂಡದಲ್ಲಿ ಒಬ್ಬ ಎತ್ತರದ ಹುಡುಗಿ ಭಾರೀ ಆಡುತ್ತಿದ್ದಳು. ಸರ್ ನನ್ನನ್ನು ಅವಳ ಮೇಲೆ ಬಿಟ್ಟರು. ಅರ್ಧ ಆಟ ಮುಗಿಯುವುದರೊಳಗೆ ನನ್ನ ಐದು ಫೌಲೂ ಮುಗಿದು ನಾನು ಬೆಂಚಿಗೆ ಬಂದೆ. ಆದರೆ ಅವಳ ಲಯ ಕೆಟ್ಟಿತ್ತು, ನಾವು ಗೆದ್ದೆವು. ನನ್ನ ಲೆಕ್ಕದಲ್ಲಿ ಅದು ಒಳ್ಳೆಯ ದಿನ.

ಆಟ ಮುಗಿದ ಮೇಲೆ ಅವ್ವ ಓಡಿ ಬಂದಳು. "ಯಾಕವಾ, ನಿನ್ನ ಯಾಕ ಹೊರಗ ಹಾಕಿದ್ರು? ಏನ್ ತಪ್ಪ ಮಾಡಿದಿ?"

"ತಪ್ಪ ಮಾಡೂದ ನನ್ನ ಕೆಲಸ ಯವ್ವಾ," ಎಂದು ನಗಿಸಲು ನೋಡಿದೆ. ಅವಳು ನಗಲಿಲ್ಲ.

ಅಪ್ಪ ಬಸ್ ನಿಲ್ದಾಣದ ತನಕ ಮುಂದೆ ಮುಂದೆ ನಡೆದ. ಬಸ್ಸಿನ ಮೆಟ್ಟಿಲ ಹತ್ತಿರ ನಿಂತು ಕೇಳಿದ: "ಆ ಎತ್ತರದ ಹುಡುಗಿ ನಿನಗ ಏನ್ ಮಾಡಿದ್ಲು?"

"ಏನೂ ಮಾಡಿಲ್ಲಪ್ಪಾ."

"ಮತ್ತ ಆಕಿನ್ನ ಹಂಗ್ಯಾಕ ನೂಕಿದಿ?"

"ಸರ್ ಹೇಳಿದ್ರು."

"ಹೌದನು. ಪಗಾರ ಕೊಡಾವ್ರು ಹೇಳಿದ್ರ ಮಾಡಬೇಕಾಕೈತಿ," ಎಂದು ಹತ್ತಿ ಕೂತ. ಆಮೇಲೆ ಎಷ್ಟು ಸಲ ಕರೆದರೂ ಅವನು ಬರಲಿಲ್ಲ. ಕುರಿ ಬಿಟ್ಟು ಬರಲು ಆಗುವುದಿಲ್ಲ ಎನ್ನುತ್ತಿದ್ದ. ತಮ್ಮಂದಿರು ಇದ್ದರು, ಕುರಿ ನೋಡಿಕೊಳ್ಳುವವರಿಗೆ ಕೊರತೆ ಇರಲಿಲ್ಲ.

ಹೊಸಬರಿಗೆ ಉಪಯೋಗಕ್ಕೆ ಬರಲೆಂದು ನನ್ನ ಒಂದು ದಡ್ಡತನವನ್ನೂ ಹೇಳುತ್ತೇನೆ. ಹೊರರಾಜ್ಯದ ಒಂದು ಟೂರ್ನಿಯಲ್ಲಿ ನಾನು ಬೆಂಚಿನ ಮೇಲಿದ್ದೆ. ಎದುರಿನವಳ ಮೊಣಕೈ ಬಡಿದು ನಮ್ಮ ಕ್ಯಾಪ್ಟನ್ ಕೆಳಗೆ ಬಿದ್ದಳು, ಮೂಗಿನಿಂದ ರಕ್ತ. ಎರಡೂ ತಂಡದವರು ಒಬ್ಬರನ್ನೊಬ್ಬರು ನೂಕಲು ಶುರು ಮಾಡಿದರು. ನಾನು ಯೋಚನೆ ಮಾಡದೆ ಎದ್ದು ಒಳಗೆ ಓಡಿದೆ. ಯಾರನ್ನೂ ಮುಟ್ಟಲಿಲ್ಲ, ಕ್ಯಾಪ್ಟನ್ ತಲೆ ಎತ್ತಿ ಹಿಡಿದೆ ಅಷ್ಟೇ. ಆದರೆ ಜಗಳ ನಡೆದಾಗ ಬೆಂಚು ಬಿಟ್ಟು ಒಳಗೆ ಹೋದವರು ಆಟದಿಂದಲೇ ಹೊರಗೆ, ಅದು ನಿಯಮ. ಅಂಪೈರ್ ನನ್ನ ಕಡೆ ಬೆರಳು ತೋರಿಸಿದ. ಬಳೆಯ ಕೆಳಗೆ ನಿಲ್ಲುವವರು ಮತ್ಯಾರೂ ಇಲ್ಲದೆ ನಾವು ಸೋತೆವು. ಬಾಗಡೆ ಸರ್ ಬೈಯಲಿಲ್ಲ. "ಮನಿಗೆ ಬೆಂಕಿ ಹತ್ತಿದ್ರೂ ಬೆಂಚ್ ಬಿಟ್ಟ ಏಳಬ್ಯಾಡ," ಎಂದರು. ಟೂರ್ನಿ ಮುಗಿಯುವ ತನಕ ಎಲ್ಲರ ನೀರಿನ ಬಾಟಲಿ ನನ್ನ ಹೆಗಲ ಮೇಲೆ. ನಿಯಮದ ಪುಸ್ತಕವನ್ನು ಓದಿಕೊಳ್ಳಿ. ಅದರಲ್ಲಿ ಕರುಣೆಗೆ ಎಲ್ಲಿಯೂ ಜಾಗ ಬಿಟ್ಟಿಲ್ಲ.

ಇನ್ನು ಸಾಯಲಿಯ ವಿಷಯ. ನಿಜ ಹೇಳಬೇಕೆಂದರೆ ಇದನ್ನು ಬರೆಯಲೆಂದೇ ಕೂತದ್ದು.

ಸಾಯಲಿ ಖಾನಾಪುರ ಪೇಟೆಯ ಹುಡುಗಿ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅವಳ ತಂದೆಗೆ ಒಂದು ಬೇಕರಿ ಇತ್ತು. ನಾನು ಕಲಿತ ಅದೇ ಶಾಲೆಯಲ್ಲಿ ನನಗಿಂತ ಬಹಳ ವರ್ಷ ಆಮೇಲೆ ಕಲಿತವಳು. ನಾನು ರಜೆಗೆ ಊರಿಗೆ ಹೋದಾಗ ಶಾಲೆಯ ಅಂಗಳಕ್ಕೆ ಹೋಗಿ ಮಕ್ಕಳ ಜೊತೆ ಆಡುತ್ತಿದ್ದೆ. ಸಾಯಲಿ ಆಗ ಸಣ್ಣವಳು, ತೆಳ್ಳಗೆ, ಗಾಳಿಯ ಹಾಗೆ. ನನ್ನ ಕಂಕುಳ ಕೆಳಗಿಂದ ನುಸುಳಿ ಚೆಂಡು ಹಾಕಿ, "ಮಾಳಕ್ಕಾ, ಸಿಗಲಿಲ್ಲ ನೋಡ್ರಿ!" ಎಂದು ಕೂಗುತ್ತಿದ್ದಳು. ನನ್ನ ಪೂರ್ತಿ ಹೆಸರಿಗೆ ಹತ್ತಿರವಾಗಿ ಕರೆಯುತ್ತಿದ್ದ ಆಟಗಾರ್ತಿ ಅವಳೊಬ್ಬಳೇ. ಮುಂದೆ ಅವಳಿಗೆ ಬೇರೊಂದು ಇಲಾಖೆಯಲ್ಲಿ ನೌಕರಿ ಸಿಕ್ಕಿತು. ನಾವಿಬ್ಬರೂ ಎದುರು ಬದುರು ತಂಡದವರಾದೆವು. ನನಗೆ ಅದರಲ್ಲಿ ಹೆಮ್ಮೆಯೇ ಇತ್ತು. ನಮ್ಮ ತಾಲೂಕಿನವಳು ಇಷ್ಟು ಚೆನ್ನಾಗಿ ಆಡುತ್ತಾಳೆ ಎಂದು ಎಲ್ಲರಿಗೂ ಹೇಳುತ್ತಿದ್ದೆ.

ಹಾಗೆ ಎದುರಾದ ಒಂದು ಆಟದಲ್ಲಿ ನಾವು ಸ್ವಲ್ಪ ಮುಂದಿದ್ದೆವು. ನಮ್ಮವರು ಹಾಕಿದ ಚೆಂಡು ಬಳೆಗೆ ಬಡಿದು ಹೊರಬಂತು, ಸಾಯಲಿ ಅದನ್ನು ಹಿಡಿದು ಓಡಿದಳು. ಅವಳಿಗೂ ನಮ್ಮ ಕಡೆಯ ಬಳೆಗೂ ನಡುವೆ ನಾನೊಬ್ಬಳೇ. ನಾನು ಅರ್ಧ ಹೆಜ್ಜೆ ತಡವಾಗಿ ಅಡ್ಡ ಹೋದೆ. ಅಷ್ಟರಲ್ಲಿ ಅವಳ ಕಾಲು ನೆಲ ಬಿಟ್ಟಿತ್ತು. ನನ್ನ ಭುಜ ಅವಳ ಸೊಂಟಕ್ಕೆ ತಾಗಿತು. ದಿನವೂ ತಾಗುವಷ್ಟೇ ತಾಗಿತು. ಕೆಳಗೆ ಬಂದಾಗ ಅವಳ ಎಡಗಾಲು ಊರಿತು, ಮೊಣಕಾಲು ಒಳಗೆ ತಿರುಗಿತು. ಮುರಿದ ಸದ್ದು ಕೇಳಿಸಿತು ಎಂದು ಆಮೇಲೆ ಕೆಲವರು ಹೇಳಿದರು. ನನಗೆ ಸದ್ದು ಕೇಳಿಸಲಿಲ್ಲ. ಅವಳು "ಆಯೀ" ಎಂದದ್ದು ಮಾತ್ರ ಕೇಳಿಸಿತು. ಅದೇ ಹೊತ್ತಿಗೆ ನಮ್ಮ ಬೆಂಚಿನಿಂದ ಬಾಗಡೆ ಸರ್ ಕೂಗಿದ್ದರು: "ಛಲೋ ಫೌಲ್, ಮಾಲಾ!" ಅವಳು ಏಳುವುದಿಲ್ಲ ಎಂದು ಅವರಿಗೆ ಆಗಿನ್ನೂ ಗೊತ್ತಾಗಿರಲಿಲ್ಲ.

ಅಂಪೈರ್ ಕೊಟ್ಟದ್ದು ಸಾದಾ ಫೌಲ್. ಬೇಕೆಂದು ಮಾಡಿದ್ದಲ್ಲ ಎಂದು ಎದುರಿನ ತಂಡದವರೂ ಒಪ್ಪಿದರು. ನನ್ನ ಬೆನ್ನು ತಟ್ಟಿದವರೆಲ್ಲ ಒಂದೇ ಮಾತು ಹೇಳಿದರು, ಆಟ ಅಂದಮೇಲೆ ಇದು ಇದ್ದದ್ದೇ.

ಸಾಯಲಿಗೆ ನೆಹರು ನಗರದ ಆಸ್ಪತ್ರೆಯಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ನಾನು ರಜೆ ಹಾಕಿ ಹೋದೆ. ಅವಳು ಮಲಗಿದ್ದಳು, ಕಾಲು ದಿಂಬಿನ ಮೇಲೆ. ಬಾಗಿಲಲ್ಲಿ ಅವಳ ತಾಯಿ ಕೂತಿದ್ದರು. ನನ್ನನ್ನು ಕೆಳಗಿಂದ ಮೇಲೆ ನೋಡಿ, ಎತ್ತರದಿಂದಲೇ ಗುರುತು ಹಿಡಿದರು.

"ಮಾಳಕ್ಕ ಅಂದ್ರ ನೀನ ಏನು?"

"ಹೌದ್ರಿ."

"ಮನಿಯಾಗ ನಿನ್ನ ಹೆಸರ ಭಾಳ ಹೇಳ್ತಿದ್ಲು." ಮಗಳ ಕಡೆ ಒಮ್ಮೆ ತಿರುಗಿ ನೋಡಿ, "ಎದ್ದ ಕೂಡಲೇ ಆಕಿ ನಿನ್ನ ಮಾರಿ ನೋಡೂದ ಬ್ಯಾಡ. ಹೋಗಿ ಬಾ, ಬಾಳಾ," ಎಂದರು.

ಅವರು ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮಗಳಿಗೆ ಹೇಳುವ ದನಿಯಲ್ಲಿ ಹೇಳಿದರು. ಆಸ್ಪತ್ರೆಯಿಂದ ನನ್ನ ಕೋಣೆಗೆ ನಡೆದೇ ಬಂದೆ.

ವರ್ಷ ಕಳೆದ ಮೇಲೆ ಸಾಯಲಿ ಆಟಕ್ಕೆ ವಾಪಸ್ ಬಂದಳು. ಅಷ್ಟರಲ್ಲಿ ನಮ್ಮ ಕೆಲಸದ ರೀತಿಯೂ ಬದಲಾಗಿತ್ತು. ಮೊದಲು ಎದುರಿನವರ ಬಗ್ಗೆ ನಮಗೆ ಗೊತ್ತಿರುತ್ತಿದ್ದದ್ದು ಬಾಯಿಂದ ಬಾಯಿಗೆ ಬಂದದ್ದು ಮಾತ್ರ. ಇಂಥವಳು ಬಲಗೈಯಾಕಿ, ಇಂಥವಳಿಗೆ ಸಿಟ್ಟು ಬೇಗ ಬರುತ್ತದೆ, ಹೀಗೆ. ಈಗ ಬಾಗಡೆ ಸರ್ ಹತ್ತಿರ ಲ್ಯಾಪ್‌ಟಾಪ್ ಇತ್ತು. ಆಟದ ವಿಡಿಯೋ ಹಾಕಿ, ನಿಲ್ಲಿಸಿ, ಹಿಂದೆ ತಿರುಗಿಸಿ ತೋರಿಸುತ್ತಿದ್ದರು. ಎಲ್ಲರೂ ದೂರದಿಂದಲೇ ಚೆಂಡು ಹಾಕಲು ಕಲಿಯುತ್ತಿದ್ದರು. ಬಳೆಯ ಕೆಳಗೆ ಬೆನ್ನು ಕೊಟ್ಟು ನಿಲ್ಲುವ ನನ್ನಂಥವರ ಕಾಲ ಮುಗಿಯುತ್ತ ಬಂದಿತ್ತು.

ಸಾಯಲಿಯ ತಂಡದೊಂದಿಗೆ ಆಟವಿದ್ದ ದಿನ ಬೆಳಗ್ಗೆ ಸರ್ ಅವಳ ವಿಡಿಯೋ ಹಾಕಿದರು. ಒಂದು ಕಡೆ ನಿಲ್ಲಿಸಿ, "ಇಲ್ಲಿ ನೋಡ್ರಿ. ಒಳಗ ಬರೂವಾಗ ಎಡಗಾಲ ಊರೂ ಮೊದಲ ನೆಲ ನೋಡ್ತಾಳ," ಎಂದರು. ಹೌದು, ನೋಡುತ್ತಿದ್ದಳು. ಕಣ್ಣು ಮಿಟುಕಿಸುವಷ್ಟು ಹೊತ್ತು. ಒಬ್ಬಳ ಅಂಜಿಕೆಯನ್ನು ಹೀಗೆ ಪರದೆಯ ಮೇಲೆ ನಿಲ್ಲಿಸಿ ಹತ್ತು ಜನ ನೋಡಬಹುದು ಎಂದು ನನಗೆ ಆಗ ಗೊತ್ತಾಯಿತು.

ಎಲ್ಲರೂ ಎದ್ದು ಹೋದ ಮೇಲೆ ನನ್ನನ್ನು ಇರಿಸಿಕೊಂಡರು. "ಮಾಲಾ, ಇವತ್ತ ಆಕಿ ಮ್ಯಾಲ ನೀನ. ಫೌಲ್ ಸೈತ ಬ್ಯಾಡ. ಆಕಿ ಎಡಗಾಲಿನ ಬಾಜು ಒಮ್ಮೆ ಜೋರ್ಲೆ ಕಾಲ ಇಡು. ಅಷ್ಟ ಸಾಕು, ಒಳಗ ಬರೂದ ಬಿಡ್ತಾಳ."

"ಸರ್, ಬ್ಯಾರೇದವ್ರನ್ನ ಹಾಕ್ರಿ."

"ಬ್ಯಾರೇದವ್ರನ್ನ ನೋಡಿ ಆಕಿ ಅಂಜಂಗಿಲ್ಲ."

ಮಾತು ಚುಚ್ಚಿತು. "ನಾ ಕಾಲಿಗೆ ಹೋಗಂಗಿಲ್ಲರಿ. ಬೇಕಾದ್ರ ಸುಮ್ನ ಅಡ್ಡ ನಿಂದರ್ತೀನಿ," ಎಂದೆ. ಇಷ್ಟು ವರ್ಷಗಳಲ್ಲಿ ಅವರಿಗೆ ಎದುರು ಹೇಳಿದ್ದು ಅದೇ ಮೊದಲು.

ಸರ್ ಸಿಟ್ಟಾಗಲಿಲ್ಲ. "ನಿಂದರು. ಅಷ್ಟ ಸಾಕು," ಎಂದರು.

ಮಾತಿಗೆ ತಕ್ಕಂತೆ ನಿಂತೆ. ಕೈ ಮೇಲೆತ್ತಿ, ಕಾಲು ನನ್ನ ಜಾಗದಲ್ಲೇ ಊರಿ, ನಿಯಮದಲ್ಲಿ ಹೇಗೆ ಬರೆದಿದೆಯೋ ಹಾಗೆ. ಸಾಯಲಿ ಚೆಂಡು ಹಿಡಿದು ಬಂದಳು. ನನ್ನನ್ನು ನೋಡಿದಳು. ನಿಂತಳು. ಚೆಂಡನ್ನು ಬೇರೆಯವಳಿಗೆ ಕೊಟ್ಟಳು. ಮತ್ತೊಂದು ಸಲ ಬಂದಳು, ಮತ್ತೆ ನಿಂತಳು. ಎರಡನೆಯ ಅರ್ಧದಲ್ಲಿ ನಾನಿದ್ದ ಕಡೆ ಬರುವುದನ್ನೇ ಬಿಟ್ಟಳು. ಅವಳು ಒಳಗೆ ಬರದೆ ಅವಳ ತಂಡದಿಂದ ಏನೂ ಮಾಡಲಾಗಲಿಲ್ಲ. ನಾವು ಸುಲಭವಾಗಿ ಗೆದ್ದೆವು. ಆ ದಿನ ನನ್ನ ಹೆಸರಿನಲ್ಲಿ ಒಂದು ಫೌಲೂ ಇರಲಿಲ್ಲ. ನಾನು ಅವಳನ್ನು ಮುಟ್ಟಿರಲೂ ಇಲ್ಲ.

ಆಟ ಮುಗಿದು ಎರಡೂ ತಂಡ ಸಾಲಾಗಿ ಕೈ ಕುಲುಕುವಾಗ ಅವಳ ಕೈ ಹಿಡಿದು ಹೇಳಿದೆ: "ಸಾಯಲಿ, ನಾ ನಿನ್ನ ಕಾಲಿಗೆ ಬರತಿದ್ದಿಲ್ಲ."

"ಗೊತ್ತೈತಿ ಮಾಳಕ್ಕಾ," ಎಂದಳು. "ತಲಿಗೆ ಗೊತ್ತೈತಿ. ಕಾಲಿಗೆ ಗೊತ್ತಿಲ್ಲ."

ಊಟದ ಹೊತ್ತಿಗೆ ಬಾಗಡೆ ಸರ್ ಎಲ್ಲರ ಮುಂದೆ, "ಇವತ್ತಿನ ಮ್ಯಾಚ್ ಮಾಲಾಂದು," ಎಂದರು. ತಂಡ ಚಪ್ಪಾಳೆ ತಟ್ಟಿತು. ಅಂಥ ಮಾತು ನನ್ನ ಪಾಲಿಗೆ ಅದಕ್ಕೆ ಮೊದಲು ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು.

ಟೂರ್ನಿಗಳ ಕಾಲ ಮುಗಿದು ರಜೆ ಶುರುವಾದಾಗ ಒಂದು ದಿನ ಸಾಯಲಿಯ ಫೋನ್ ಬಂತು. ಖಾನಾಪುರದಲ್ಲಿದ್ದಳು. ಕ್ಷೇಮ ಕೇಳುವಷ್ಟೂ ತಡೆಯದೆ ವಿಷಯಕ್ಕೆ ಬಂದಳು.

"ಮಾಳಕ್ಕಾ, ನಮ್ಮ ಕೋಚ್ ಎಲ್ಲಾ ಮಾಡಿ ನೋಡಿದ್ರು. ಖುರ್ಚಿ ಇಟ್ರು, ಹುಡುಗ್ಯಾರನ್ನ ನಿಲ್ಲಿಸಿದ್ರು. ಯಾರ ನಿಂತರೂ ಒಳಗ ಹೋಗ್ತೀನಿ. ನೀವು ನಿಂತ್ರ ಮಾತ್ರ ಆಗವಲ್ದು. ನೀವ ಬರ್ರಿ. ನನ್ನ ಮುಂದ ನಿಂದರ್ರಿ."

"ಎದುರ ತಂಡದಾಕಿ ನಾ. ನನ್ನ ಕರೀತಿ?"

"ಮತ್ಯಾರನ್ನ ಕರೀಲಿ?"

ಬೆಳಗಾವಿಯ ಒಂದು ಶಾಲೆಯ ಸಿಮೆಂಟ್ ಅಂಗಳದಲ್ಲಿ ರಜೆಯ ದಿನಗಳ ಬೆಳಗ್ಗೆ ನಾವಿಬ್ಬರೂ ಸೇರತೊಡಗಿದೆವು. ಅವಳು ಖಾನಾಪುರದಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ಮೊದಲ ದಿನ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ. ಅವಳು ಬಂದಳು, ನಿಂತಳು. ಮತ್ತೆ ಬಂದಳು, ಮತ್ತೆ ನಿಂತಳು. ಕೊನೆಗೆ ಚೆಂಡನ್ನು ಗೋಡೆಗೆ ಬೀಸಿ ಹೊಡೆದು, "ನಗಬ್ಯಾಡ್ರಿ!" ಎಂದಳು.

"ನಾ ನಗವಲ್ಲೆ," ಎಂದೆ. ನಿಜಕ್ಕೂ ನಗುತ್ತಿರಲಿಲ್ಲ.

ಕೆಲವು ದಿನಗಳಲ್ಲಿ ಕೈ ಕಟ್ಟಿ ನಿಂತರೆ ಒಳಗೆ ಬಂದಳು. ಆಮೇಲೆ ಕೈ ಎತ್ತಿ ನಿಂತೆ. ಅದಕ್ಕೂ ಒಗ್ಗಿದಳು. ಒಂದು ದಿನ ನಾನು ಅಡ್ಡ ಸರಿಯುವಾಗ ನನ್ನ ತೋಳು ಅವಳ ಭುಜಕ್ಕೆ ಸವರಿತು. ಗಾಳಿ ತಾಗಿದಷ್ಟೇ. ಅವಳು ಚೆಂಡು ಬಿಟ್ಟು, ಎಡ ಮೊಣಕಾಲು ಎರಡೂ ಕೈಯಿಂದ ಹಿಡಿದು ನೆಲಕ್ಕೆ ಕೂತುಬಿಟ್ಟಳು. ಕಾಲಿಗೆ ಏನೂ ಆಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಬಹಳ ಹೊತ್ತು ಏಳಲಿಲ್ಲ. ನಾನು ದೂರ ನಿಂತೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಮರುದಿನ ಅವಳು ಬರುವುದಿಲ್ಲ ಎಂದುಕೊಂಡರೂ, ಬಂದರೂ ಬರಬಹುದು ಎಂದು ಹೋದೆ. ನನಗಿಂತ ಮೊದಲೇ ಬಂದು ಚೆಂಡು ಕುಟ್ಟುತ್ತಿದ್ದಳು.

ರಜೆ ಮುಗಿಯುವ ಹೊತ್ತಿಗೆ ಅವಳು ನಿಲ್ಲದೆ ಬರುತ್ತಿದ್ದಳು. ಆದರೂ ಸಮಾಧಾನವಿರಲಿಲ್ಲ. "ಖರೇ ಖರೇ ನೂಕ್ರಿ ಮಾಳಕ್ಕಾ. ಮ್ಯಾಚಿನ್ಯಾಗ ನೂಕಿದಂಗ."

"ಬ್ಯಾಡ."

"ಸುಳ್ಳ ಸುಳ್ಳ ನಿಂತ್ರ ಸುಳ್ಳ ಸುಳ್ಳ ಧೈರ್ಯ ಬರ್ತೈತಿ."

ಅವಳ ಮಾತು ಸರಿಯೇ ಇತ್ತು. ಆದರೆ ಪ್ರತಿ ಸಲ ಅವಳು ಗಾಳಿಗೆ ಏರಿದಾಗ ನಾನು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಬೇಕೆಂದು ಅಲ್ಲ, ಕಾಲು ತಾನೇ ಸರಿಯುತ್ತಿತ್ತು. ಅಂಜಿಕೆ ಅವಳೊಬ್ಬಳದೇ ಅಲ್ಲ ಎಂದು ಅವಳಿಗೂ ತಿಳಿಯಿತು. "ಹೋಗ್ಲಿ ಬಿಡ್ರಿ. ಮ್ಯಾಚಿನ್ಯಾಗ ನೋಡೂಣು," ಎಂದು ಬ್ಯಾಗು ಹೆಗಲಿಗೇರಿಸಿದಳು.

ಸುದ್ದಿ ಬಾಗಡೆ ಸರ್ ಕಿವಿಗೆ ಬಿದ್ದೇ ಬಿತ್ತು. ಯಾರೋ ಫೋನಿನಲ್ಲಿ ನಮ್ಮ ಅಭ್ಯಾಸದ ವಿಡಿಯೋ ತೆಗೆದಿದ್ದರು. ಸರ್ ನನ್ನನ್ನು ಕರೆಸಿ ಅದನ್ನು ತೋರಿಸಿದರು.

"ಮಾಲಾ, ನಿನಗ ಪಗಾರ ಯಾರ ಕೊಡ್ತಾರ?"

"ಇಲಾಖೆ ಕೊಡ್ತೈತ್ರಿ."

"ಮತ್ತ ಎದುರ ತಂಡದಾಕಿನ್ನ ತಯಾರ ಮಾಡಾಕತ್ತಿಯಲ್ಲ?"

"ಆಟ ಕಲಸವಲ್ಲೆ ಸರ್. ಆಕಿ ಆಟ ನನಗಿಂತ ಛಲೋ ಐತಿ. ನನಗ ಅಂಜೂದ ಬಿಡಸಾಕತ್ತೀನಿ."

ಸರ್ ವಿಡಿಯೋ ನಿಲ್ಲಿಸಿದರು. ದನಿ ಏರಿಸದೆ ಹೇಳಿದರು: "ವಯಸ್ಸಾತು ನಿನಗ. ಓಡಾಕ ಆಗೂದಿಲ್ಲ, ದೂರಿಂದ ಹಾಕಾಕ ಬರೂದಿಲ್ಲ. ನಿನ್ನ ಹತ್ತಿರ ಉಳದದ್ದು ಅದೊಂದ, ನಿನ್ನ ಕಂಡ್ರ ಮಂದಿ ಅಂಜೂದು. ಅದನ್ನೂ ಕೊಟ್ಟ ಬಂದಿ."

ಅವರು ಹೇಳಿದ್ದು ಸುಳ್ಳಲ್ಲ. ಇಲಾಖೆಯ ಕಡೆಯಿಂದ ನೋಡಿದರೆ ನ್ಯಾಯವೂ ಅವರದೇ. ಈ ಮಾತನ್ನು ಹೊಸ ಹುಡುಗಿಯರು ತಿಳಿದುಕೊಳ್ಳಬೇಕು. ಮೇಲಿನವರು ಹೇಳುವುದು ತಪ್ಪೇ ಆಗಿರಬೇಕೆಂದಿಲ್ಲ. ಅವರದು ಸರಿಯಾಗಿದ್ದೂ ನಿಮ್ಮಿಂದ ಆಗದ ಕೆಲಸ ಒಂದೊಂದು ಇರುತ್ತದೆ. ಆಗ ಆಗುವುದಿಲ್ಲ ಎಂದು ಹೇಳಿ, ಮುಂದೆ ಬರುವುದನ್ನು ಹೊತ್ತುಕೊಳ್ಳಬೇಕು. ನನಗೆ ಬಂದದ್ದು ಇಷ್ಟು: ಮುಂದಿನ ಟೂರ್ನಿಯೇ ನನ್ನ ಕೊನೆಯದು. ಅದಾದ ಮೇಲೆ ತಂಡದಲ್ಲಿ ನನ್ನ ಹೆಸರು ಬರಲಿಲ್ಲ. ಬೆಳಗ್ಗೆಯಿಂದ ಸಂಜೆಯ ತನಕ ಕಚೇರಿಯ ಕುರ್ಚಿಯಲ್ಲೇ ಕೂತೆ. ಮೊಣಕಾಲು ಪೂರ್ತಿ ಸೋತಾಗ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡೆ. ಸರ್ ಮೇಲೆ ಸಿಟ್ಟಿಲ್ಲ. ಅವರು ತೀರಿಕೊಂಡಾಗ ಹೋಗಿ ಅತ್ತು ಬಂದಿದ್ದೇನೆ.

ಇನ್ನು ಉಳಿದದ್ದು ಸಾಯಲಿಯ ತಂಡದ ಎದುರಿನ ಆ ಕೊನೆಯ ಆಟ.

ಅವತ್ತು ಸರ್ ನನ್ನನ್ನು ಆಡಿಸುವವರಿರಲಿಲ್ಲ. ಆದರೆ ನಮ್ಮ ಇನ್ನೊಬ್ಬ ಎತ್ತರದ ಆಟಗಾರ್ತಿಗೆ ಜ್ವರ. ಬೇರೆ ದಾರಿಯಿಲ್ಲದೆ ಎರಡನೆಯ ಅರ್ಧದಲ್ಲಿ ನನ್ನ ಕಡೆ ನೋಡದೆಯೇ, "ಹೋಗು," ಎಂದರು. ಅಂಗಳಕ್ಕೆ ಕಾಲಿಡುವಾಗ ಸಾಯಲಿ ನನ್ನನ್ನು ಕಂಡಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ.

ನಾನು ಒಂದು ನಿರ್ಧಾರ ಮಾಡಿಕೊಂಡು ಒಳಗೆ ಹೋಗಿದ್ದೆ. ಇವತ್ತು ಸುಳ್ಳು ಸುಳ್ಳು ನಿಲ್ಲಬಾರದು. ಅದು ನನ್ನ ತಂಡಕ್ಕೆ ಮೋಸ, ಅದಕ್ಕಿಂತ ಹೆಚ್ಚಾಗಿ ಅವಳಿಗೆ ಮೋಸ.

ಸ್ವಲ್ಪ ಹೊತ್ತಿನಲ್ಲೇ ಚೆಂಡು ಅವಳ ಕೈಗೆ ಬಂತು. ನಮ್ಮವಳೊಬ್ಬಳನ್ನು ದಾಟಿ, ಬಲಕ್ಕೆ ತೋರಿಸಿ ಎಡಕ್ಕೆ ತಿರುಗಿ, ನೇರ ನನ್ನ ಕಡೆಗೇ ಬಂದಳು. ನಾನು ಅಡ್ಡ ಹೋದೆ. ಅವಳು ನೆಲ ನೋಡಲಿಲ್ಲ. ಎಡಗಾಲು ಊರಿ ಮೇಲೆದ್ದಳು. ನಾನೂ ಎದ್ದೆ. ಹಿಂದೆ ಸರಿಯಲಿಲ್ಲ. ನನ್ನ ಎದೆಗೆ ಅವಳ ಭುಜ ಬಡಿಯಿತು, ಉಸಿರು ನಿಂತಂತಾಯಿತು, ಇಬ್ಬರೂ ಬಿದ್ದೆವು. ಸೀಟಿ ಊದಿದ್ದು ಕೇಳಿಸಿತು. ನೋಡುತ್ತ ಕೂತವರ ಗದ್ದಲ ಒಮ್ಮೆಲೇ ಅಡಗಿತು. ಎಲ್ಲರಿಗೂ ಹಿಂದಿನದು ನೆನಪಿತ್ತು.

ನಾನು ಮೊದಲು ಎದ್ದೆ. ಅವಳು ಇನ್ನೂ ನೆಲದ ಮೇಲಿದ್ದಳು, ಬಲಗೈ ಮೊಣಕಾಲ ಮೇಲೆ. ಕೈ ಚಾಚಿದೆ. ಅವಳು ಅದನ್ನು ಹಿಡಿಯಲಿಲ್ಲ. ತಾನೇ ಅಂಗೈ ಊರಿ ಎದ್ದಳು. ಎಡಗಾಲಿನ ಮೇಲೆ ಭಾರ ಬಿಟ್ಟು ಎರಡು ಸಲ ಜಿಗಿದು ನೋಡಿದಳು. ಆಮೇಲೆ ತಲೆಯೆತ್ತಿ ಅಂಪೈರನ ಕಡೆ ನೋಡಿದಳು. ಚೆಂಡು ಬುಟ್ಟಿಗೆ ಬಿದ್ದಿದೆ, ಫೌಲ್ ನನ್ನದು ಎಂದು ಅವನು ಕೈ ಮಾಡಿ ತೋರಿಸುತ್ತಿದ್ದ.

ಗೆರೆಯ ಹತ್ತಿರ ನಿಂತು, ಫೌಲಿಗೆ ಸಿಕ್ಕ ಒಂದು ಪಾಯಿಂಟನ್ನೂ ಹಾಕಿದಳು. ವಾಪಸ್ ಓಡುವಾಗ ನನ್ನ ಬಾಜು ಬಂದು, ತಿರುಗಿ ನೋಡದೆ ಹೇಳಿದಳು: "ಇನ್ನೊಮ್ಮೆ ಬರ್ತೀನಿ ಮಾಳಕ್ಕಾ."

"ಬಾ," ಎಂದೆ.

ಬಂದಳು.